ಶಾಬಾನ್ ಹತ್ತರ ಪಂದ್ಯ

ಗಲ್ಫಿನ ರುಸ್ತಾಕ್ ಕೋಟೆಯಿಂದ ಒಂಬತ್ತು ಕಿಲೋಮೀಟರ್ ಆಚೆ ಇದ್ದ ಆ ಸಣ್ಣ ಶಿಕ್ಷಕರ ಕಾಲೇಜಿನಲ್ಲಿ 1988ರಲ್ಲಿ ಓದುತ್ತಿದ್ದವರು ಅರವತ್ತೆಂಟು ಮಂದಿ. ಅವರಲ್ಲಿ ಫುಟ್‌ಬಾಲ್ ತಂಡದ ಪಟ್ಟಿಯಲ್ಲಿದ್ದವರು ಹದಿನಾಲ್ಕು. ಪಂದ್ಯದ ದಿನ ಮೈದಾನಕ್ಕೆ ಬರುವವರು ಎಷ್ಟು ಎಂದು ಕೇಳಿದರೆ ಮಾತ್ರ ಲಿಗೋರಿಯ ಬಳಿ ಉತ್ತರವಿರಲಿಲ್ಲ. ಆ ಸಂಖ್ಯೆ ಪ್ರತಿ ವಾರ ಬದಲಾಗುತ್ತಿತ್ತು.

ಲಿಗೋರಿ ಕಾಲೇಜಿನ ಗುಮಾಸ್ತ. ಊರು ಕಿನ್ನಿಗೋಳಿ. ಚೆಂಡನ್ನು ಕಾಲಿನಿಂದ ಒದ್ದವನಲ್ಲ, ಕೈಯಲ್ಲಿ ಹಿಡಿದದ್ದು ಗಾಳಿ ತುಂಬಿಸಲಿಕ್ಕೆ ಮಾತ್ರ. ಆದರೂ ಆ ವರ್ಷ ಅವನು ತಂಡದ ಮ್ಯಾನೇಜರ್. ಹಾಗಾದದ್ದಕ್ಕೆ ಕಾರಣ ಒಂದು ಪತ್ರ.

ಹಿಂದಿನ ವರ್ಷದ ಒಂದು ಪಂದ್ಯಕ್ಕೆ ಕಾಲೇಜಿನಿಂದ ಬಂದದ್ದು ಆರೇ ಹುಡುಗರು. ಏಳು ಮಂದಿ ಇಲ್ಲದೆ ಪಂದ್ಯ ಶುರು ಮಾಡುವಂತಿಲ್ಲ ಎಂಬುದು ನಿಯಮ. ರೆಫರಿ ಹದಿನೈದು ನಿಮಿಷ ಕಾದು ಸೀಟಿ ಊದಿದ, ಎದುರಾಳಿಗಳು ಆಡದೆಯೇ ಗೆದ್ದರು. ಆಮೇಲೆ ಲೀಗ್ ಸಮಿತಿಯ ಪತ್ರ ಬಂತು: ಇನ್ನೊಂದು ಸಲ ತಂಡ ಇಳಿಸದಿದ್ದರೆ ಕಾಲೇಜಿನ ಹೆಸರನ್ನು ಲೀಗಿನಿಂದ ತೆಗೆಯಲಾಗುವುದು. ಕಾಲೇಜಿನ ಮುದೀರರಿಗೆ, ಅಂದರೆ ಪ್ರಾಂಶುಪಾಲರಿಗೆ, ಅದರಿಂದ ಬೇಸರವೇನೂ ಆಗಲಿಲ್ಲ. "ಇವರು ಬಂದದ್ದು ಮೇಷ್ಟ್ರಾಗಲಿಕ್ಕೆ. ನಾವೇ ಬಿಡುತ್ತೇವೆ ಅಂತ ಬರೆದುಬಿಡು," ಎಂದರು.

ಲಿಗೋರಿ ಟೈಪ್‌ರೈಟರಿನ ಮುಂದೆ ಕೂತ. ತಂಡದ ಮೊದಲ ಪಂದ್ಯದಿಂದ ಅಂದಿನವರೆಗಿನ ಇಪ್ಪತ್ತಮೂರು ಪಂದ್ಯಗಳ ವಿವರ ಅವನ ನೀಲಿ ನೋಟ್‌ಬುಕ್ಕಿನಲ್ಲಿತ್ತು: ಗೋಲು ಹೊಡೆದವನು, ನಿಮಿಷ, ಗಾಳಿ ಬೀಸಿದ ದಿಕ್ಕು. ಅದನ್ನು ಬರೆಯಿರಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಇಪ್ಪತ್ತನಾಲ್ಕನೆಯ ಪುಟ ಖಾಲಿ ಉಳಿಯುತ್ತದೆ ಎಂಬುದನ್ನು ಅವನಿಗೆ ಸಹಿಸಲಾಗಲಿಲ್ಲ. ಮುದೀರರ ಮುಂದೆ ಸಹಿಗೆ ಇಟ್ಟ ಕಾಗದದಲ್ಲಿ ಹೀಗಿತ್ತು: "ಮುಂದಿನ ಋತುವಿನ ಎಂಟೂ ಪಂದ್ಯಗಳಿಗೆ ನಮ್ಮ ತಂಡ ಮೈದಾನಕ್ಕೆ ಇಳಿಯುತ್ತದೆ."

ಮುದೀರರು ಓದಿ, ಕನ್ನಡಕದ ಮೇಲಿನಿಂದ ನೋಡಿದರು. "ಇದು ನಾನು ಹೇಳಿದ್ದಲ್ಲ."

"ಅಲ್ಲ, ಸರ್."

"ಮಾತು ನಿನ್ನದು. ನಡೆಸುವವನೂ ನೀನೇ. ಒಂದು ಪಂದ್ಯ ತಪ್ಪಿದರೂ ಖಲಾಸ್, ತಂಡ ಇಲ್ಲ." ಅವರು ಸಹಿ ಹಾಕಿದರು.

ಏಳು ಪಂದ್ಯ ಹೇಗೋ ನಡೆದವು. ತಂಡದ ಕಷ್ಟ ಆಟದ್ದಲ್ಲ, ಪಾಠದ್ದು. ಎರಡನೇ ವರ್ಷದ ವಿದ್ಯಾರ್ಥಿಗಳು ಜನವರಿಯಿಂದ ಸುತ್ತಲಿನ ಹಳ್ಳಿಗಳ ಶಾಲೆಗಳಲ್ಲಿ ಪಾಠದ ಅಭ್ಯಾಸಕ್ಕೆ ಹಂಚಿಹೋಗುತ್ತಿದ್ದರು. ಅವರನ್ನು ಒಟ್ಟುಗೂಡಿಸುವ ಕೆಲಸ ಕಾಲೇಜಿನ ಬಸ್ಸಿನ ಡ್ರೈವರ್ ಭೋಜರಾಜನದು. ಪಡುಬಿದ್ರಿಯ ಭೋಜರಾಜ ಈ ದೇಶಕ್ಕೆ ಬರುವ ಮೊದಲು ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಂಬತ್ತು ವರ್ಷ ದುಡಿದವನು. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಜನ ಎತ್ತಿಕೊಂಡು ಹೋಗುವ ಆ ದಾರಿಯಲ್ಲಿ ಕಲಿತ ಅಭ್ಯಾಸವನ್ನು ಅವನು ಇಲ್ಲಿನ ಜಲ್ಲಿ ರಸ್ತೆಯಲ್ಲೂ ಬಿಟ್ಟಿರಲಿಲ್ಲ. ಮೈದಾನಕ್ಕೆ ಇಳಿದವರು ಒಮ್ಮೆ ಎಂಟು, ಒಮ್ಮೆ ಹತ್ತು, ಎರಡೇ ಸಲ ಪೂರಾ ಹನ್ನೊಂದು. ಒಂದು ಗೆಲುವು, ಎರಡು ಸಮ, ನಾಲ್ಕು ಸೋಲು. ಗೆದ್ದದ್ದು ಕಡಲಬದಿಯ ಮೀನುಗಾರರ ತಂಡದ ಮೇಲೆ, ಒಂದು ಗೋಲಿನಿಂದ. ಅವತ್ತು ವಾಪಸು ಬರುವಾಗ ಹುಡುಗರು ಬಸ್ಸಿನ ತಗಡು ಬಡಿದ ಸದ್ದಿಗೆ ಭೋಜರಾಜನ ಕಿವಿ ಎರಡು ದಿನ ಗುಂಯ್ ಎಂದಿತಂತೆ.

ಎಂಟನೆಯ ಪಂದ್ಯ ಕೋಟೆ ಬದಿಯ ಮಾರುಕಟ್ಟೆ ಹುಡುಗರ ತಂಡದೊಂದಿಗೆ. ಮುಂದಕ್ಕೆ ಹಾಕಿದ ಪಂದ್ಯವಾದ್ದರಿಂದ ಸಮಿತಿಯ ಚೀಟಿಯಲ್ಲಿ ವಾರ ಇರಲಿಲ್ಲ, ಹಿಜರಿಯ, ಅಂದರೆ ಚಂದ್ರನ ಲೆಕ್ಕದ, ತಾರೀಖು ಮಾತ್ರ ಇತ್ತು: ಶಾಬಾನ್ ತಿಂಗಳ ಹತ್ತು, ಸಂಜೆ ನಾಲ್ಕು ಗಂಟೆ. ಲಿಗೋರಿ ಗೋಡೆಯ ಅಚ್ಚಾದ ಕ್ಯಾಲೆಂಡರ್ ನೋಡಿದ. ಶಾಬಾನ್ ಹತ್ತು ಅಂದರೆ ಮಾರ್ಚ್ 28, ಸೋಮವಾರ. ಎರಡನೇ ವರ್ಷದವರ ಕೊನೆಯ ಪರೀಕ್ಷಾ ಪಾಠಗಳ ವೇಳಾಪಟ್ಟಿಯನ್ನು ಟೈಪ್ ಮಾಡುವವನೂ ಅವನೇ. ಸೋಮವಾರವನ್ನು ಜೋಪಾನವಾಗಿ ಖಾಲಿ ಬಿಟ್ಟು, ತಂಡದಲ್ಲಿದ್ದ ಎಂಟೂ ಮಂದಿಯ ಪಾಠವನ್ನು ಮಂಗಳವಾರ ಮಧ್ಯಾಹ್ನದ ಪಾಳಿಗೆ ಹಾಕಿದ. ಇಲಾಖೆಯಿಂದ ಮಂಜೂರಾಗಿ ಮೊಹರು ಬಿದ್ದು ಬಂತು.

ಭಾನುವಾರ ಸಂಜೆ ಅವನ ಹೆಂಡತಿ ಕ್ಲೆಮೆಂಟಿನಾ ಕೆಲಸದಿಂದ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ದಿನಕ್ಕೆ ನೂರು ಚೀಟಿಯ ಮೇಲೆ ಹಿಜರಿ, ಇಂಗ್ಲಿಷ್ ಎರಡೂ ತಾರೀಖು ಬರೆಯುವವಳು. ಊಟಕ್ಕೆ ಕೂತಾಗ ಲಿಗೋರಿ, "ನಾಳೆ ಹತ್ತು. ಕೊನೆಯ ಪಂದ್ಯ," ಎಂದ.

"ನಾಳೆ ಎಲ್ಲಿ ಹತ್ತು? ಇವತ್ತು ಎಂಟು," ಎಂದಳು ಅವಳು, ಸಾರಿನ ಸೌಟು ಕೈಯಲ್ಲೇ ಹಿಡಿದು.

"ಒಂಬತ್ತು. ಕ್ಯಾಲೆಂಡರಿನಲ್ಲಿದೆ."

"ತಿಂಗಳು ಹುಟ್ಟಬೇಕಿದ್ದ ಆ ಶುಕ್ರವಾರ ಇಲ್ಲಿ ಯಾರಿಗೂ ಚಂದ್ರ ಕಾಣಲಿಲ್ಲ. ಶನಿವಾರ ಕಂಡದ್ದು. ವಾರ್ಡಿನ ಅಜ್ಜಿಯರಿಗೆಲ್ಲ ಗೊತ್ತು. ನಿಮ್ಮ ಗೋಡೆ ನೋಡಿ ಚಂದ್ರ ಹುಟ್ಟುವುದಾ?"

ಲಿಗೋರಿ ಅನ್ನ ಕಲಸುವುದನ್ನು ನಿಲ್ಲಿಸಿದ. ಹತ್ತು ಎಂದರೆ ಮಂಗಳವಾರ. ಪಂದ್ಯವೂ ಮಂಗಳವಾರ, ಪಾಠವೂ ಮಂಗಳವಾರ. ಮೊದಲ ವರ್ಷದ ಆರು ಹುಡುಗರು ಬಿಟ್ಟರೆ ಯಾರಿಗೂ ಬಿಡುವಿಲ್ಲ. ಆರು. ಹಿಂದಿನ ವರ್ಷವೂ ಆರೇ. ಒಂಬತ್ತು ವರ್ಷದಿಂದ ಈ ದೇಶದಲ್ಲಿದ್ದು, ಇಲ್ಲಿ ತಿಂಗಳು ಶುರುವಾಗುವುದು ಅಚ್ಚಿನ ಮನೆಯಲ್ಲಲ್ಲ, ಆಕಾಶದಲ್ಲಿ ಎಂಬುದನ್ನು ಅವನು ಮರೆತಿದ್ದ. ಬೇರೆ ಯಾರಾದರೂ ಮಾಡಿದ ತಪ್ಪಾಗಿದ್ದರೆ ಅವನು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆಯುತ್ತಿದ್ದ.

ಮರುದಿನ ಬೆಳಗ್ಗೆ ಅವನು ಮೊದಲು ಮುದೀರರಿಗೆ ಹೇಳಿದ. "ತಪ್ಪು ನನ್ನದು, ಸರ್. ಹುಡುಗರದಲ್ಲ." ಮುದೀರರು ಬೈಯಲಿಲ್ಲ. ಮೊಹರು ಬಿದ್ದ ವೇಳಾಪಟ್ಟಿಯನ್ನು ಮೇಜಿನ ಮೇಲೆ ಅವನ ಕಡೆಗೆ ತಿರುಗಿಸಿಟ್ಟರು. ದಿನವೂ ಬದಲಾಗದು, ಗಂಟೆಯೂ ಬದಲಾಗದು. ಸಮಿತಿಗೆ ಫೋನ್ ಮಾಡಿದರೆ ಅಲ್ಲಿಂದಲೂ ಅದೇ ಉತ್ತರ: ಒಮ್ಮೆ ಮುಂದೆ ಹಾಕಿದ್ದು ಇನ್ನೊಮ್ಮೆ ಹಾಕಲಿಕ್ಕಿಲ್ಲ.

ಬಸ್ಸಿನ ನೆರಳಿನಲ್ಲಿ ಭೋಜರಾಜ ಟೀ ಕುಡಿಯುತ್ತಿದ್ದ. ಕ್ರೈಸ್ತರನ್ನು ತುಳುವರು ಕರೆಯುವಂತೆ ಅವನು ಲಿಗೋರಿಯನ್ನು ಪೊರ್ಬುಗಳೇ ಎನ್ನುತ್ತಿದ್ದ.

"ಎಂತ ಪೊರ್ಬುಗಳೇ, ಮೋರೆ ಹೀಗೆ? ಊರಿಂದ ತಂತಿ ಬಂತಾ?"

ಲಿಗೋರಿ ವಿಷಯ ಹೇಳಿದ.

"ಅಂದ್ರೆ ನಿಮಗೆ ಒಬ್ಬ ಬೇಕು. ಒಬ್ಬನೇ ಒಬ್ಬ."

"ಶುರುವಿಗೆ ಒಬ್ಬ. ಏಳು ಮಂದಿ ಇದ್ದರೆ ಪಂದ್ಯ ಶುರು. ಪಟ್ಟಿಯಲ್ಲಿ ಹೆಸರಿದ್ದವರು ಆಮೇಲೆ ಬಂದರೂ ರೆಫರಿ ಒಳಗೆ ಬಿಡಬಹುದು. ನಿಯಮದಲ್ಲಿದೆ."

"ಹಾಗಾದ್ರೆ ಒಬ್ಬನನ್ನು ನೀವು ನೋಡಿ. ಉಳಿದವರನ್ನು ನಾನು ನೋಡ್ತೇನೆ. ಪಾಠ ಮುಗಿಸಿ ಗೇಟಿನಲ್ಲಿ ನಿಂತಿರಲಿಕ್ಕೆ ಹೇಳಿ. ಹಾರ್ನ್ ಒಂದೇ ಸಲ. ಹತ್ತದಿದ್ದರೆ ಹಿಂದಿನ ಬಸ್ಸಿಗೆ ಬರಲಿ."

"ಹಿಂದಿನ ಬಸ್ ಎಲ್ಲಿದೆ, ಭೋಜಣ್ಣ?"

"ಅದೇ ಹೇಳಿದ್ದು."

ಆ ಒಬ್ಬ ಖಲ್ಫಾನ್. ತಂಡದ ನಾಯಕ, ಗೋಲ್‌ಕೀಪರ್, ಇಪ್ಪತ್ತೊಂದು ವರ್ಷ. ಅವನ ಪಾಠ ಮೂರು ಹತ್ತಕ್ಕೆ, ಹದಿನಾಲ್ಕು ಕಿಲೋಮೀಟರ್ ದೂರದ ಹಳ್ಳಿ ಶಾಲೆಯಲ್ಲಿ, ನಾಲ್ಕನೇ ತರಗತಿಗೆ. ಪಾಠದ ವಿಷಯ ಆಯತದ ಸುತ್ತಳತೆ ಮತ್ತು ಕ್ಷೇತ್ರಫಲ. ಪರೀಕ್ಷಕರು ಕಾಲೇಜಿನ ಮೇಷ್ಟ್ರು ಉಸ್ತಾದ್ ಬಾಬಿಕರ್. ಸುಡಾನಿನವರು, ಆರಡಿ ಎತ್ತರ, ಪಾಠವಾದ ಮೇಲೆ ಅರ್ಧ ಗಂಟೆ ಕೂರಿಸಿ ಪ್ರಶ್ನೆ ಕೇಳದೆ ಬಿಟ್ಟವರಲ್ಲ. ಪಾಠ ಮುಗಿಸಿ ಓಡಿಬರುವ ಮಾತೇ ಇರಲಿಲ್ಲ.

ಅವರ ಕೋಣೆಗೆ ಲಿಗೋರಿ ಖಲ್ಫಾನನನ್ನು ಕರೆದುಕೊಂಡು ಹೋದ. ಕೇಳಬೇಕಾದ್ದನ್ನು ಕೇಳಿದವನು ಖಲ್ಫಾನನೇ.

"ಉಸ್ತಾದ್, ಮಗು ಮುಟ್ಟದೆ ಇರುವುದನ್ನು ಕಲಿಸಬೇಡ ಅಂತ ನೀವೇ ವರ್ಷವಿಡೀ ಹೇಳಿದ್ದೀರಿ. ಆಯತ ಅಂತ ನಾನು ಕಪ್ಪು ಹಲಗೆಯ ಮೇಲೆ ನಾಲ್ಕು ಗೆರೆ ಎಳೆಯಬಹುದು. ಇಲ್ಲವೇ ಕೋಟೆಯ ಕೆಳಗಿನ ಮೈದಾನದಲ್ಲಿ ಅವರ ಕೈಗೆ ಹಗ್ಗ ಕೊಟ್ಟು ಅಳೆಸಬಹುದು. ದಿನ ಅದೇ, ಗಂಟೆ ಅದೇ, ಮಕ್ಕಳು ಅವರೇ."

ಬಾಬಿಕರ್ ಲಿಗೋರಿಯ ಕಡೆ ತಿರುಗಿದರು. "ಇದು ಪಾಠಕ್ಕಾಗಿ ಪಂದ್ಯವೋ, ಪಂದ್ಯಕ್ಕಾಗಿ ಪಾಠವೋ?"

"ಪಂದ್ಯಕ್ಕಾಗಿ, ಉಸ್ತಾದ್," ಎಂದ ಲಿಗೋರಿ. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಸರಿ. ಪಾಠ ಚೆನ್ನಾಗಿಲ್ಲದಿದ್ದರೆ ಫೇಲು ಮಾಡುತ್ತೇನೆ. ಅದೂ ನನ್ನ ಅಭ್ಯಾಸ. ಹುಡುಗರ ಹೆಡ್‌ಮಾಸ್ಟರರಿಂದ ಒಪ್ಪಿಗೆ ಬರೆಸಿಕೊಂಡು ಬಾ."

ಹೊರಗೆ ಬಂದಾಗ ಲಿಗೋರಿ ಕೇಳಿದ, "ಫೇಲಾದರೆ ನಿನಗೆ ಒಂದು ವರ್ಷ ಹೋಗುತ್ತದೆ. ಯೋಚನೆ ಮಾಡಿದ್ದೀಯಾ?"

"ಪಾಠ ಕೆಡುವುದಿಲ್ಲ, ಮಿಸ್ಟರ್ ಲಿಗೋರಿ," ಎಂದ ಖಲ್ಫಾನ್. "ಗೋಲಿನ ವಿಷಯ ಹೇಳಲಾರೆ."

ಮಂಗಳವಾರ ಎರಡು ಐವತ್ತಕ್ಕೆ ಕೋಟೆಯ ಕೆಳಗೆ ಬಸ್ ನಿಂತಿತು. ಇಪ್ಪತ್ತಾರು ಸೀಟಿನಿಂದ ಮೂವತ್ತೊಂದು ಹುಡುಗರು, ಒಬ್ಬ ಹೆಡ್‌ಮಾಸ್ಟರ್, ಒಬ್ಬ ಪರೀಕ್ಷಕ, ಒಬ್ಬ ಗೋಲ್‌ಕೀಪರ್ ಇಳಿದರು. ಭೋಜರಾಜ ಎಂಜಿನ್ ಆರಿಸಲೇ ಇಲ್ಲ. ಬಾಗಿಲು ಮುಚ್ಚಿಕೊಂಡು ಉಳಿದ ಶಾಲೆಗಳ ಕಡೆ ಹೊರಟ.

ಮೈದಾನ ಎಂದರೆ ಹುಲ್ಲಿಲ್ಲದ ಜಲ್ಲಿ ನೆಲ, ಸುಣ್ಣದ ಗೆರೆ, ಎರಡು ಕಬ್ಬಿಣದ ಗೋಲು ಕಂಬ. ಮೂರು ಹತ್ತಕ್ಕೆ ಸರಿಯಾಗಿ ಖಲ್ಫಾನ್ ಬಿಳಿ ದಿಶ್‌ದಾಶಾ ನಿಲುವಂಗಿ ತೊಟ್ಟು ಮಧ್ಯದ ವೃತ್ತದಲ್ಲಿ ನಿಂತು ಪಾಠ ಶುರು ಮಾಡಿದ. ಹುಡುಗರನ್ನು ಗುಂಪು ಮಾಡಿ, ಪ್ರತಿ ಗುಂಪಿಗೆ ಹತ್ತು ಮೀಟರಿನ ಹಗ್ಗ, ಒಂದು ಮೀಟರ್ ಕೋಲು ಕೊಟ್ಟ. ಉದ್ದ ತೊಂಬತ್ತೆಂಟು. ಅಗಲ ಅರವತ್ತೊಂದು. ಸುತ್ತಳತೆ ಮುನ್ನೂರ ಹದಿನೆಂಟು ಎಂದು ಒಬ್ಬ ಹುಡುಗ ಹೇಳಿದಾಗ, "ನಂಬಬೇಡ, ನಡೆದು ನೋಡು," ಎಂದ ಖಲ್ಫಾನ್. ಮೂವತ್ತೊಂದು ಮಕ್ಕಳೂ ಎಣಿಸುತ್ತ ಸುತ್ತು ಹೊಡೆದರು. ಪಂದ್ಯ ನೋಡಲು ಬೇಗ ಬಂದಿದ್ದ ಅಂಗಡಿಕಾರರು ಗೋಡೆಯ ಮೇಲೆ ಕೂತು ತಾವೂ ಎಣಿಸಿದರು.

ಕೊನೆಗೆ ಅವನು ಎರಡು ಗುಂಪುಗಳನ್ನು ಎರಡು ಗೋಲುಗಳಿಗೆ ಕಳಿಸಿದ. ಎತ್ತರ ಎರಡರದೂ ಇನ್ನೂರ ನಲವತ್ತನಾಲ್ಕು ಸೆಂಟಿಮೀಟರ್. ಅಗಲ ಉತ್ತರದ ಗೋಲಿನದು ಏಳುನೂರ ಮೂವತ್ತೆರಡು. ದಕ್ಷಿಣದ ಗುಂಪು ಏಳುನೂರ ಹತ್ತು ಎಂದು ಕೂಗಿತು.

"ಇನ್ನೊಮ್ಮೆ ಅಳೆಯಿರಿ," ಎಂದ ಖಲ್ಫಾನ್.

ಮತ್ತೆ ಏಳುನೂರ ಹತ್ತು. ಅದು ಮಾರುಕಟ್ಟೆ ತಂಡದ ಸ್ವಂತ ಮೈದಾನ. ಅವರ ಮ್ಯಾನೇಜರ್, ಬಟ್ಟೆ ಅಂಗಡಿಯ ಹಮದ್, ತಾನೇ ಬಗ್ಗಿ ಕೋಲು ಇಟ್ಟು ಅಳೆದ. ಎದ್ದು ನಿಂತು ಲಿಗೋರಿಯ ಬಳಿ ಬಂದ.

"ಸಮಿತಿಗೆ ದೂರು ಬರೆಯುತ್ತೀಯಾ?"

"ಅಳತೆ ಆಗಿದೆ. ಅಳತೆ ಬರೆದುಕೊಳ್ಳುತ್ತೇನೆ," ಎಂದ ಲಿಗೋರಿ. "ದೂರು ಬೇರೆ ವಿಷಯ. ಅದಕ್ಕೆ ಬಂದಿಲ್ಲ."

ಅಷ್ಟರಲ್ಲಿ ಬಾಬಿಕರ್ ಮೊದಲ ಬಾರಿ ಬಾಯಿ ಬಿಟ್ಟರು. "ಆ ಗೋಲಿನಲ್ಲಿ ಕಡಿಮೆಯಾದ ಜಾಗದ ಕ್ಷೇತ್ರಫಲ ಎಷ್ಟು? ಮಕ್ಕಳು ಹೇಳಲಿ. ನೀನು ಹೇಳಬೇಡ."

ಮೂವತ್ತೊಂದು ತಲೆಗಳು ಜಲ್ಲಿಯ ಮೇಲೆ ಬಗ್ಗಿದವು. ಇಪ್ಪತ್ತೆರಡನ್ನು ಇನ್ನೂರ ನಲವತ್ತನಾಲ್ಕರಿಂದ ಗುಣಿಸಿ, ಮುಂದಿನ ಹಲ್ಲು ಬಿದ್ದಿದ್ದ ಒಬ್ಬ ಎದ್ದು ನಿಂತ. "ಐದು ಸಾವಿರದ ಮುನ್ನೂರ ಅರವತ್ತೆಂಟು ಚದರ ಸೆಂಟಿಮೀಟರ್. ಅರ್ಧ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು."

ಬಾಬಿಕರ್ ಏನೋ ಬರೆದುಕೊಂಡರು. ಪಾಠ ಮುಗಿಯಿತು. ಖಲ್ಫಾನನನ್ನು ಕೂರಿಸಿ ಕೇಳುವ ಅರ್ಧ ಗಂಟೆಯ ಪ್ರಶ್ನೆ? "ಆಟವಾದ ಮೇಲೆ," ಎಂದರು.

ನಾಲ್ಕಕ್ಕೆ ಏಳು ಮಂದಿ ಸಾಲಾಗಿ ನಿಂತರು. ರೆಫರಿ ಎಣಿಸಿದ, ಲಿಗೋರಿಯ ಪಟ್ಟಿಯ ಹದಿನಾಲ್ಕು ಹೆಸರು ನೋಡಿದ, ಎದುರು ನಿಂತ ಹನ್ನೊಂದು ಮಂದಿಯನ್ನು ನೋಡಿದ. ನಾಣ್ಯ ಚಿಮ್ಮಿದ. ಗೆದ್ದ ಖಲ್ಫಾನ್ ದಕ್ಷಿಣದ ಗೋಲು ಆರಿಸಿಕೊಂಡ. "ಏಳು ಮಂದಿಗೆ ಏಳು ಮೀಟರ್ ಹತ್ತು ಸಾಕು," ಎಂದದ್ದು ಗೋಡೆಯವರೆಗೆ ಕೇಳಿಸಿತು. ಹಮದ್ ಕೂಡ ನಕ್ಕ.

ಮೊದಲ ಇಪ್ಪತ್ತು ನಿಮಿಷದಲ್ಲಿ ಎರಡು ಗೋಲು ಬಿದ್ದವು. ಲಿಗೋರಿ ನೋಟ್‌ಬುಕ್ಕಿನಲ್ಲಿ ಬರೆದ: ಒಂಬತ್ತನೇ ನಿಮಿಷ, ಹದಿನೆಂಟನೇ ನಿಮಿಷ, ಗಾಳಿ ಪಶ್ಚಿಮದಿಂದ. ಇಪ್ಪತ್ತನಾಲ್ಕನೆಯ ನಿಮಿಷದಲ್ಲಿ ಮಾರುಕಟ್ಟೆಯವರು ಹೊಡೆದ ಚೆಂಡು ಖಲ್ಫಾನನ ಬೆರಳು ದಾಟಿ ಬಲಗಂಬಕ್ಕೆ ಬಡಿದು ಹೊರಗೆ ಹೋಯಿತು.

"ಅರ್ಧ ಚದರ ಮೀಟರ್," ಎಂದು ನಾಲ್ಕನೇ ತರಗತಿ ಒಟ್ಟಾಗಿ ಕೂಗಿತು. ಬಾಬಿಕರ್ ನಗಲಿಲ್ಲ, ಆದರೆ ಪೆನ್ನಿನ ಮುಚ್ಚಳ ತೆಗೆದರು.

ಮೂವತ್ತೊಂದನೇ ನಿಮಿಷದಲ್ಲಿ ಮೊದಲ ವರ್ಷದ ಹಮೂದ್ ಜಲ್ಲಿಯ ಮೇಲೆ ಕಾಲು ಹೊರಳಿಸಿಕೊಂಡು ಬಿದ್ದ. ರೆಫರಿ ಸೀಟಿ ಊದಿ, ಲಿಗೋರಿಯ ಕಡೆ ನೋಡಿದ. ಆ ನೋಟಕ್ಕೆ ವಿವರಣೆ ಬೇಕಿರಲಿಲ್ಲ. ಹಮೂದ್ ಹೊರಗೆ ಬಂದರೆ ಆರು. ಆರು ಅಂದರೆ ಪಂದ್ಯ ನಿಂತಿತು, ತಂಡ ಹೋಯಿತು.

ಲಿಗೋರಿ ನೀರಿನ ಬಾಟಲಿ ಹಿಡಿದು ಓಡಿದ. ಹುಡುಗನ ಹರಡು ಆಗಲೇ ಊದಿತ್ತು. ಅವನ ಮೇಲೆ ಒತ್ತಡ ಹಾಕಬಾರದು ಎಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದ. "ನೋವಾದರೆ ಹೊರಗೆ ಬಾ. ತಪ್ಪು ನನ್ನದು, ಅದನ್ನು ನಿನ್ನ ಕಾಲು ತೀರಿಸಬೇಕಾಗಿಲ್ಲ," ಎಂದ.

ಹಮೂದ್ ಅವನ ಹೆಗಲು ಹಿಡಿದು ಎದ್ದ. "ನಿಲ್ಲುವುದಕ್ಕೆ ಒಂದು ಕಾಲು ಸಾಕು, ಸರ್. ಎಣಿಸುವಾಗ ತಲೆ ತಾನೇ ಎಣಿಸುವುದು?"

ಅವನು ಬಲಗೆರೆಯ ಒಳಬದಿಗೆ, ಗಾಳಿಗೆ ನೆಟ್ಟ ಕಂಬದಂತೆ ನಿಂತ. ಚೆಂಡು ಹತ್ತಿರ ಬಂದಾಗ ಒಂಟಿಗಾಲಲ್ಲಿ ಕುಪ್ಪಳಿಸಿ ಒದ್ದ. ಮಾರುಕಟ್ಟೆಯ ಹುಡುಗರು ಅವನ ಬಳಿ ಬಂದಾಗ ವೇಗ ತಗ್ಗಿಸುತ್ತಿದ್ದುದನ್ನು ಲಿಗೋರಿ ಗಮನಿಸಿದ. ಅದನ್ನೂ ಬರೆದುಕೊಂಡ.

ನಲವತ್ತೊಂದನೇ ನಿಮಿಷದಲ್ಲಿ ಕೋಟೆಯ ತಿರುವಿನಲ್ಲಿ ಧೂಳೆದ್ದಿತು. ಅದರ ಮುಂದೆ ಹಾರ್ನ್. ಒಂದೇ ಸಲ. ಬಸ್ ಪೂರ್ತಿ ನಿಲ್ಲುವ ಮೊದಲೇ ಇಬ್ಬರು ಹಾರಿದರು, ಇಬ್ಬರ ಮೈಮೇಲೂ ಪಾಠದ ಬಿಳಿ ದಿಶ್‌ದಾಶಾ, ಬೆರಳಲ್ಲಿ ಸೀಮೆಸುಣ್ಣ. ದಿಶ್‌ದಾಶಾದ ಒಳಗೆ ಬೆಳಗ್ಗೆಯಿಂದಲೇ ಹಸಿರು ಜೆರ್ಸಿ ತೊಟ್ಟಿದ್ದರು. ರೆಫರಿ ಮಾರುಕಟ್ಟೆ ತಂಡದ ಮ್ಯಾನೇಜರ್ ಹಮದ್‌ನ ಕಡೆ ನೋಡಿದ. ಹಮದ್ ಕೈಯೆತ್ತಿ, ಬರಲಿ ಎಂದ.

"ಎಂಟು, ಒಂಬತ್ತು," ಎಂದು ನಾಲ್ಕನೇ ತರಗತಿ ಎಣಿಸಿತು.

ಭೋಜರಾಜ ಕಿಟಕಿಯಿಂದ ತಲೆ ಹಾಕಿದ. "ಪೊರ್ಬುಗಳೇ, ಇನ್ನಿಬ್ಬರು ಸಿಕ್ಕುತ್ತಾರೆ. ಮೂವರದ್ದು ಆಗಲಿಕ್ಕಿಲ್ಲ, ಬೆಟ್ಟದ ಆಚೆ. ನೀವು ಇಲ್ಲಿ ಸೋಲಬೇಡಿ."

"ಈಗಾಗಲೇ ಎರಡು ಬಿದ್ದಿದೆ."

"ನಾನು ಅದನ್ನಾ ಹೇಳಿದ್ದು?" ಬಸ್ ಹಿಂದಕ್ಕೆ ತಿರುಗಿತು.

ಒಂಬತ್ತು ಮಂದಿ ಆದ ಮೇಲೂ ಹಮೂದ್ ಹೊರಗೆ ಬರಲು ಒಪ್ಪಲಿಲ್ಲ. ಬದಿ ಬದಲಾಯಿಸಿ ಆಡಿದ ಎರಡನೇ ಅರ್ಧದಲ್ಲಿ ಮೂರನೆಯ ಗೋಲು ಬಿತ್ತು, ಅರವತ್ತೆರಡನೇ ನಿಮಿಷ. ಎಪ್ಪತ್ತಮೂರಕ್ಕೆ ಮತ್ತೆ ಧೂಳು, ಮತ್ತೆ ಒಂದೇ ಹಾರ್ನ್. ಇಳಿದವರಲ್ಲಿ ಒಬ್ಬ ಓಡುತ್ತಲೇ ತನ್ನ ಪಾಠದ ಚಾರ್ಟನ್ನು, ಖರ್ಜೂರದ ಮರದ ಭಾಗಗಳನ್ನು ಬಣ್ಣದಲ್ಲಿ ಬರೆದದ್ದು, ಲಿಗೋರಿಯ ಕೈಗೆ ತುರುಕಿ ಒಳಗೆ ಹೋದ.

"ಹತ್ತು, ಹನ್ನೊಂದು."

ಈ ಸಲ ಗೋಡೆಯ ಮೇಲಿನ ಅಂಗಡಿಕಾರರೂ ಎಣಿಸಿದರು. ಕಾಲೇಜಿನ ತಂಡ ಪೂರ್ತಿಯಾಗಿ ಆಡಿದ್ದು ಹದಿನೇಳು ನಿಮಿಷ ಮಾತ್ರ. ಹನ್ನೊಂದರಲ್ಲಿ ಒಬ್ಬ ಒಂಟಿಗಾಲಿನವನು. ಆದರೆ ಆ ಹದಿನೇಳು ನಿಮಿಷ ಚೆಂಡು ಮಾರುಕಟ್ಟೆಯವರ ಅರ್ಧ ಬಿಟ್ಟು ಈಚೆ ಬಂದದ್ದು ಎರಡೇ ಸಲ. ಎಂಬತ್ತಾರನೇ ನಿಮಿಷದಲ್ಲಿ, ಖರ್ಜೂರದ ಮರದ ಮೇಷ್ಟ್ರು ಹಮೂದ್‌ನ ಕಡೆಗೆ ಚೆಂಡು ತಳ್ಳಿದ, ಹಮೂದ್ ನಿಂತಲ್ಲಿಂದಲೇ ಒಳ್ಳೆಯ ಕಾಲಿನಿಂದ ಎತ್ತಿ ಕೊಟ್ಟು ತಾನು ಕುಕ್ಕರಿಸಿದ, ಇನ್ನೊಬ್ಬ ತಲೆ ಕೊಟ್ಟ. ಅಗಲ ಕಡಿಮೆಯಿದ್ದ ದಕ್ಷಿಣದ ಗೋಲಿಗೇ ಅದು ಒಳಹೊಕ್ಕಿತು, ಎರಡೂ ಕಂಬಕ್ಕೆ ಸಾಕಷ್ಟು ಜಾಗ ಬಿಟ್ಟು.

ಮೂರು–ಒಂದು. ಸೋಲು. ಒಂಬತ್ತು ತಂಡಗಳಲ್ಲಿ ಏಳನೇ ಸ್ಥಾನ.

ಸೀಟಿ ಊದಿದ ಮೇಲೆ ಹಮದ್ ಅಂಗಡಿಯಿಂದ ತರಿಸಿದ ಕಾಫಿ, ಖರ್ಜೂರ ಮೈದಾನದಲ್ಲೇ ಬಂತು, ಮೊದಲು ಹಮೂದ್‌ನ ಮುಂದೆ. ಬಾಬಿಕರ್ ಖಲ್ಫಾನನನ್ನು ಮಧ್ಯದ ವೃತ್ತದಲ್ಲಿ ಕೂರಿಸಿ, ಹೇಳಿದಂತೆ, ಪೂರಾ ಅರ್ಧ ಗಂಟೆ ಪ್ರಶ್ನೆ ಕೇಳಿದರು. ಆಮೇಲೆ ಅಂಕದ ಹಾಳೆಯನ್ನು ಟೈಪಿಗೆಂದು ಲಿಗೋರಿಗೆ ಕೊಟ್ಟರು. ಐವತ್ತಕ್ಕೆ ನಲವತ್ತಾರು. ನಾಲ್ಕು ಅಂಕ ಕಡಿತಕ್ಕೆ ಕಾರಣವನ್ನೂ ಬರೆದಿದ್ದರು: "ಪಾಠ ಮುಗಿದ ಮೇಲೂ ವಿದ್ಯಾರ್ಥಿಗಳು ಎಣಿಸುವುದನ್ನು ನಿಲ್ಲಿಸಲಿಲ್ಲ."

ಮನೆಗೆ ಬಂದಾಗ ಕ್ಲೆಮೆಂಟಿನಾ ಕೇಳಿದಳು, "ಏನಾಯಿತು?"

"ಸೋತೆವು. ಮೂರು–ಒಂದು."

"ಸೋತವರ ಮೋರೆ ಹೀಗಿರುವುದಿಲ್ಲ."

ಲಿಗೋರಿ ಶೂ ಬಿಚ್ಚುತ್ತ, "ಎಂಟಕ್ಕೆ ಎಂಟು ಆಡಿದೆವು," ಎಂದ. ಅಷ್ಟೇ ಹೇಳಿದ. ಆದರೆ ಊಟದ ನಡುವೆ ಹಮೂದ್‌ನ ಕಾಲಿನ ಕತೆಯನ್ನು ಎರಡು ಸಲ ಹೇಳಿದ. ಅವಳು ಎರಡು ಸಲವೂ ಮೊದಲ ಬಾರಿ ಕೇಳುವವಳಂತೆ ಕೇಳಿದಳು.

ಮರುದಿನ ಸಮಿತಿಗೆ ಹೋದ ವರದಿಯಲ್ಲಿ ಒಂದೇ ಸಾಲನ್ನು ಅವನು ಕೆಂಪು ರಿಬ್ಬನ್ನಿನಲ್ಲಿ ಟೈಪ್ ಮಾಡಿದ: ತಂಡ ಇಳಿಸದ ಪಂದ್ಯ, ಸೊನ್ನೆ. ಮುದೀರರು ಓದಿ ಸಹಿ ಹಾಕಿದರು. ಕಾಗದ ಹಿಂದಿರುಗಿಸುವಾಗ, "ಮುಂದಿನ ವರ್ಷಕ್ಕೆ ಜೆರ್ಸಿ ಎಷ್ಟು ಬೇಕು?" ಎಂದರು.

ಸೆಪ್ಟೆಂಬರಿನಲ್ಲಿ ಹೊಸ ಋತುವಿನ ಪಟ್ಟಿ ಬಂತು. ಕಾಲೇಜಿನ ಹೆಸರು ಅದರಲ್ಲಿತ್ತು. ಜೊತೆಗೆ ಒಂದು ಸೂಚನೆಯೂ ಇತ್ತು: ಎಲ್ಲ ಮೈದಾನಗಳ ಗೋಲುಗಳನ್ನು ಅಳೆದು ತಿಳಿಸತಕ್ಕದ್ದು. ಲಿಗೋರಿ ಎಂಟೂ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿಗೆ ಇಳಿಸಿದ. ಈ ಸಲ ಪೆನ್ಸಿಲಿನಲ್ಲಿ. ಆಯಾ ತಿಂಗಳ ಮೊದಲ ಸಂಜೆ ಕ್ಲೆಮೆಂಟಿನಾ ವಾರ್ಡಿನ ಅಜ್ಜಿಯರನ್ನು ಕೇಳಿಕೊಂಡು ಬಂದ ಮೇಲೆಯೇ ಅವನು ಅದರ ಮೇಲೆ ಶಾಯಿ ಹಚ್ಚುತ್ತಿದ್ದ.